ಉಪ್ಪಿನ ಬಯಲಿಗೊಂದು ಬೈಕು

ಬೂದು ಬಣ್ಣದ ಬೈಕಿನ ಹಿಂದಿನ ಸೀಟಿಗೆ ಅಂಗೈ ಊರಿ ಒತ್ತಿ ನೋಡಿದಾಗಲೇ ಅವಳಿಗೆ ಇದು ಆಗಬಹುದು ಅನ್ನಿಸಿತ್ತು. ಸ್ಪಂಜು ಬೇಕಾದ್ದಕ್ಕಿಂತ ಮೆತ್ತಗಿತ್ತು. ಸೀಟು ಮುಂದಕ್ಕೆ ತುಸು ಇಳಿಜಾರಾಗಿತ್ತು. ಬ್ರೇಕು ಹಾಕಿದಾಗಲೆಲ್ಲ ಹಿಂದೆ ಕೂತವರು ಜಾರಿ ಮುಂದಿನವರ ಬೆನ್ನಿಗೆ ಅಂಟಿಕೊಳ್ಳುವ ಥರದ್ದು. ಆದರೆ ಇವು ಚಾಕು, ಸೂಜಿಗಳಿಂದ ಸರಿಹೋಗುವ ದೋಷಗಳು. ಅಂಥವನ್ನು ಸರಿಮಾಡುವುದೇ ಅವಳ ಹೊಟ್ಟೆಪಾಡು.

ಬಸ್ ಡಿಪೋ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಅಪ್ಪ ಬಸ್ಸುಗಳಿಗೆ ಸೀಟು ಹೊಲಿಯುತ್ತಿದ್ದ ಜಾಗದಲ್ಲಿ ಅವಳು ಬೈಕುಗಳಿಗೆ ಹೊಲಿಯುತ್ತಾಳೆ. ಓಣಿಯವರ ಬಾಯಲ್ಲಿ ಅವಳು ಸೀಟಮ್ಮ. ಶಟರು ಎತ್ತಿದರೆ ಗೋಂದಿನ ವಾಸನೆ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ದಪ್ಪ ಸೂಜಿಯ ಹೊಲಿಗೆ ಯಂತ್ರ, ಸ್ಪಂಜು ಕೊಯ್ಯುವ ಉದ್ದ ಚಾಕು. ಗಿರಾಕಿ ಬಂದರೆ ಮೊದಲು ಸ್ಟೂಲಿನ ಮೇಲೆ ರಟ್ಟು ಹಾಕಿ ಕೂರಿಸುತ್ತಾಳೆ. ಅವರು ಎದ್ದ ಮೇಲೆ ರಟ್ಟಿನಲ್ಲಿ ಎರಡು ತಗ್ಗು ಉಳಿದಿರುತ್ತವೆ. ಕೂತವರ ಭಾರ ಎಲ್ಲೆಲ್ಲಿ ಊರುತ್ತದೆ ಎಂದು ಆ ತಗ್ಗುಗಳನ್ನು ಬೆರಳಲ್ಲಿ ಸವರಿ ಹೇಳುತ್ತಾಳೆ. ಮೀಸೆ ತಿರುವಿಕೊಂಡು ಬಂದವರೂ ರಟ್ಟಿನ ಮೇಲೆ ಕೂರುವಾಗ ನಾಚಿಕೊಳ್ಳುತ್ತಾರೆ. "ಪರ್ಸು ಹಿಂದಿನ ಜೇಬಲ್ಲಿ ಇಟ್ಕೊಂಡೇ ಕೂತ್ರಾ? ನಾನೇನೂ ಕದಿಯಲ್ಲ, ತೆಗೆದು ಕೂರಿ," ಎಂದು ಅವಳು ನಗಿಸಿದ ಮೇಲೇ ಅವರು ಸರಿಯಾಗಿ ಕೂರುವುದು.

"ಹೇಗಿದೆ?" ಎಂದ ಗಂಡ. ಆಗಲೇ ಶೋರೂಮಿನ ಆ ಬೂದು ಬೈಕು ಹತ್ತಿ ಕೂತು ಎರಡೂ ಪಾದ ನೆಲಕ್ಕೆ ಊರಿದ್ದ. ಮುಖದಲ್ಲಿ ಮದುವೆಗೆ ಮುಂಚಿನ ಫೋಟೋದಲ್ಲಿದ್ದ ನಗು.

"ನೀವು ಹೇಳಿ."

"ಹಿಮ್ಮಡಿ ನೆಲಕ್ಕೆ ಮುಟ್ಟುತ್ತೆ. ಮುಂದಿನ ಚಕ್ರ ದೊಡ್ಡದು, ಕಡ್ಡಿ ಚಕ್ರ. ಕಲ್ಲು ದಾರೀಲಿ ಬಾಗಿದ್ರೂ ತಟ್ಟಿ ಸರಿಮಾಡ್ಕೋಬಹುದು. ಎಂಜಿನ್ನು ಚಿಕ್ಕದೂ ಅಲ್ಲ, ದೊಡ್ಡದೂ ಅಲ್ಲ. ಹೆದ್ದಾರೀಲಿ ನಮ್ಮಿಬ್ಬರನ್ನ ಹೊತ್ಕೊಂಡು ಏದುಸಿರು ಬಿಡದೆ ಓಡುತ್ತೆ. ಮಣ್ಣಲ್ಲಿ ಬಿದ್ರೆ ನಾನೊಬ್ಬನೇ ಎತ್ತಿ ನಿಲ್ಲಿಸೋವಷ್ಟು ಭಾರ. ನಂಗಿದು ಸಾಕು ಕಣೇ."

ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಸೇಲ್ಸ್‌ನವನು, "ಸರ್ ಎಲ್ಲಾ ಓದ್ಕೊಂಡು ಬಂದಿದಾರೆ ಮೇಡಂ. ನಂಗೆ ಹೇಳೋಕೆ ಏನೂ ಉಳಿಸಿಲ್ಲ," ಎಂದ.

"ಹಿಂದಿನ ಸೀಟು ವಾಲುತ್ತೆ," ಎಂದಳು ಅವಳು. "ಎರಡು ದಿನದ ದಾರಿ. ಸೊಂಟ ಹಿಡ್ಕೊಳ್ಳುತ್ತೆ."

"ಸೀಟು ಸರಿಯಿಲ್ಲ ಅಂತ ಸೀಟಮ್ಮನ ಗಂಡ ಬೈಕ್ ಬಿಟ್ಟುಬಂದ ಅಂದ್ರೆ ಓಣೀಲಿ ನಗ್ತಾರೆ. ನೀನೇ ಹೊಲಿದ್ರಾಯ್ತು."

"ಇನ್ನೊಂದೆರಡು ನೋಡೋಣ ಬಿಡಿ. ಒಂದೇ ಸಲ ತಗೊಳ್ಳೋದಲ್ವಾ."

ಮಾತು ಬಾಯಿಂದ ಬಿದ್ದ ಮೇಲೆ ಅದರ ಇನ್ನೊಂದು ಅರ್ಥ ಇಬ್ಬರಿಗೂ ಕೇಳಿಸಿತು.

ಅವನ ಕಣ್ಣಿನ ಬದಿ ನೋಟ ಕಿರಿದಾಗುತ್ತಿತ್ತು. ಒಳಗಿನ ಒತ್ತಡ ಹೆಚ್ಚಾಗಿ ನರ ಸವೆಯುವ ಕಾಯಿಲೆ. ಎದುರಿನದೆಲ್ಲ ಮೊದಲಿನಷ್ಟೇ ಸ್ವಚ್ಛ. ಅಂಚುಗಳು ಮಾತ್ರ ಹಳೆಯ ಬಟ್ಟೆಯ ಸೆರಗಿನ ಹಾಗೆ ಎಳೆ ಬಿಟ್ಟುಕೊಳ್ಳುತ್ತಿದ್ದವು. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಕೂತು ವಯಸ್ಸೆಲ್ಲ ಬೇರೆಯವರ ಕಣ್ಣಿಗೆ ಗಾಜು ಉಜ್ಜಿದವನು ಅವನು. ತನ್ನ ಕಣ್ಣಿನ ವಿಷಯವನ್ನು ಪಕ್ಕದ ಮನೆಯವರ ವಿಷಯದ ಹಾಗೆ ಹೇಳಿದ್ದ. ಡಾಕ್ಟರು ದಿನಾ ಹಾಕಿಕೊಳ್ಳಲು ಹನಿ ಔಷಧ ಕೊಟ್ಟು, "ಹಗಲು ಹೊತ್ತು, ದಟ್ಟಣೆ ಇಲ್ಲದ ರಸ್ತೇಲಿ ಸದ್ಯಕ್ಕೆ ಗಾಡಿ ಓಡಿಸಬಹುದು. ಬೇಸಿಗೆ ಮುಗಿಯೋ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡೋಣ. ಆಗ ಏನು ಹೇಳ್ತೀನೋ ಈಗ್ಲೇ ಹೇಳೋಕಾಗಲ್ಲ," ಎಂದಿದ್ದರು.

ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ ಅವನು, "ಉಪ್ಪಿನ ಬಯಲಿಗೆ ಹೋಗಿಬರೋಣ," ಎಂದ.

ಅವನು ಒಂಟಿಯಾಗಿದ್ದ ಕಾಲದಲ್ಲಿ ಒಮ್ಮೆ ಗೆಳೆಯನ ಚಿಕ್ಕ ಗಾಡಿ ಹತ್ತಿ ಆ ಬಯಲಿಗೆ ಹೊರಟಿದ್ದನಂತೆ. ಹೆದ್ದಾರಿ ಮುಗಿದು ಕಲ್ಲುದಾರಿ ಶುರುವಾದಲ್ಲಿ ಗಾಡಿ ಕೆಟ್ಟು ಕೂತುಬಿಟ್ಟಿತಂತೆ. ದೂರದಲ್ಲಿ ಆಕಾಶದ ಕೆಳಗೆ ಉಪ್ಪಿನದೊಂದು ಬಿಳಿ ಗೆರೆ ಕಂಡಿತ್ತು, ಅಷ್ಟೇ. ಗಾಡಿ ತಳ್ಳಿಕೊಂಡು ವಾಪಸಾಗಿದ್ದ. ಆ ದಾರಿ ಬೇಸಿಗೆಯಲ್ಲಿ ಮಾತ್ರ ಗಟ್ಟಿ. ಮಳೆ ಬಿತ್ತೆಂದರೆ ಅರ್ಧ ವರ್ಷ ಕೆಸರು. ಮದುವೆಯಾದಂದಿನಿಂದ ಅವಳು ಆ ಬಿಳಿ ಗೆರೆಯ ವಿಷಯ ಕೇಳುತ್ತಲೇ ಬಂದಿದ್ದಳು. ಮನೆ, ಅತ್ತೆಯ ಕಾಯಿಲೆ, ಅಂಗಡಿ ಎಂದು ಅದು ಪ್ರತಿ ವರ್ಷವೂ ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

"ಅಲ್ಲಿ ಬದಿ ಅನ್ನೋದೇ ಇಲ್ಲ ಕಣೇ. ಎಲ್ಲ ಎದುರೇ. ನನ್ನಂಥವನಿಗೆ ಹೇಳಿ ಮಾಡಿಸಿದ ಜಾಗ," ಎಂದು ಈಗ ಅವನು ತಮಾಷೆ ಮಾಡುತ್ತಿದ್ದ.

ಆದ್ದರಿಂದ ಈ ಬೇಸಿಗೆಯೇ. ಇದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ಇನ್ನೊಂದೆರಡು ನೋಡೋಣ ಎಂದಿದ್ದಳು. ಅವನು ಬೇಸರವಿಲ್ಲದೆ ಬೂದು ಬೈಕಿನಿಂದ ಇಳಿದಿದ್ದ. ಹೋಲಿಸಿ ನೋಡುವುದು ಅವನ ಕಸುಬಿನಲ್ಲೇ ಇತ್ತು. ಕಣ್ಣಿನ ಮುಂದೆ ಒಂದು ಗಾಜು ಇಟ್ಟು, ಅದನ್ನು ತೆಗೆದು ಇನ್ನೊಂದನ್ನಿಟ್ಟು, ಮೊದಲನೆಯದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ ಎಂದು ಕೇಳುವುದನ್ನು ಜೀವಮಾನವಿಡೀ ನೋಡಿದವನಿಗೆ ಇನ್ನೊಂದು ಬೈಕು ನೋಡುವುದು ಯಾವ ದೊಡ್ಡ ಮಾತು.

ಮುಂದಿನ ಭಾನುವಾರ ನೋಡಿದ್ದು ಎತ್ತರದ ಬೈಕು. ಕೊಕ್ಕಿನಂಥ ಮೂತಿ, ಕಾಲು ಚಾಚಿದರೂ ಹಿಮ್ಮಡಿಗೆ ನೆಲ ಸಿಗದಷ್ಟು ಎತ್ತರ. ಅವನು ತುದಿಬೆರಳ ಮೇಲೆ ನಿಂತು, "ಇದು ಒಂಟೆ ಜಾತಿದು. ಹತ್ತೋಕೆ ಏಣಿ, ಇಳಿಯೋಕೆ ಹಗ್ಗ ಬೇಕು," ಎಂದು ತಾನೇ ತಳ್ಳಿಹಾಕಿದ. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಆಮೇಲೆ ನೋಡಿದ್ದು ಕೆಂಪು ಟ್ಯಾಂಕಿನದ್ದು. ಎರಡು ಸಿಲಿಂಡರು, ಹಾಲು ಸುರಿದ ಹಾಗೆ ಓಟ. ಅದರ ಬಲಗಡೆ ಕಾಲಿಗೆ ಬಿಸಿ ತಾಗುತ್ತದೆ ಎಂದಳು. ಆಮೇಲಿನದು ಹಗುರ, ಆದರೆ ವೇಗ ಏರಿಸಿದರೆ ಹ್ಯಾಂಡಲ್ಲು ನಡುಗಿ ಕೈ ಜೋಮು ಹಿಡಿಯುತ್ತದೆ. ಇನ್ನೊಂದಕ್ಕೆ ಸಾಮಾನು ಕಟ್ಟಲು ಹಿಂದೆ ಜಾಗವಿಲ್ಲ. ಮತ್ತೊಂದರ ಟ್ಯಾಂಕು ಸಣ್ಣದು, ಬಯಲಿನ ದಾರಿಯಲ್ಲಿ ಪೆಟ್ರೋಲ್ ಬಂಕು ಸಿಗುವುದಿಲ್ಲ. ಎಲ್ಲವೂ ನಿಜವಾದ ದೋಷಗಳೇ. ಅವಳು ಸುಳ್ಳು ಹೇಳುವ ಹೆಂಗಸಲ್ಲ. ದೋಷ ಹುಡುಕುವುದರಲ್ಲಿ ಕೈ ಪಳಗಿದ್ದವಳಿಗೆ ಅದು ಎಲ್ಲಿ ಬೇಕಾದರೂ ಸಿಗುತ್ತಿತ್ತು.

ಭಾನುವಾರಗಳು ಹೀಗೆ ಹೋದವು. ಶೋರೂಮುಗಳಲ್ಲಿ ಅವರ ಮುಖ ಪರಿಚಯವಾಯಿತು. ಒಂದು ಕಡೆಯವನು ಚಹಾ ತರಿಸಿಕೊಡುತ್ತಿದ್ದ. ಇನ್ನೊಂದು ಕಡೆಯವನು ಅವರನ್ನು ಕಂಡ ಕೂಡಲೇ ಒಳಗೆ ಕೆಲಸವಿದೆ ಎಂದು ಹೋಗಿಬಿಡುತ್ತಿದ್ದ. ಬೂದು ಬೈಕಿನ ಶೋರೂಮಿನವನು ಮಾತ್ರ ಪ್ರಾಮಾಣಿಕವಾಗಿ, "ಮೇಡಂ, ಇದೇ ಬೈಕಿಗೆ ಹೊಸ ಮಾದರಿ ಬರ್ತಿದೆ. ಹಿಂದಿನ ಸೀಟು ಸರಿಮಾಡಿದಾರಂತೆ. ಮುಂದಿನ ತಿಂಗಳು," ಎಂದ.

"ಹಾಗಾದ್ರೆ ಕಾಯೋಣ," ಎಂದಳು ಅವಳು. ಹಾಗೆ ಹೇಳುವಾಗ ತನ್ನ ಭುಜಗಳು ಸಡಿಲವಾದದ್ದು ಅವಳ ಗಮನಕ್ಕೆ ಬಂತು.

ಗಂಡ ಒಂದು ಕ್ಷಣ ಅವಳ ಕಡೆ ನೋಡಿದ. ಈಗೀಗ ಯಾರನ್ನಾದರೂ ನೋಡಬೇಕಾದರೆ ಅವನು ಇಡೀ ತಲೆ ತಿರುಗಿಸುತ್ತಿದ್ದ. "ಆಯ್ತು. ಕಾಯೋಣ," ಎಂದ.

ಅವಳಿಗೂ ಹೋಗಬೇಕಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ, ಅವನಿಗೂ. ಎಷ್ಟೋ ಹೆಂಗಸರಿಗೆ ಅವಳು ಹಿಂದಿನ ಸೀಟು ಹೊಲಿದುಕೊಟ್ಟಿದ್ದಳು. ಹೊಸದಾಗಿ ಮದುವೆಯಾದವರು, ಬೆನ್ನು ನೋವಿನವರು, ಮಗನ ಹಿಂದೆ ಕೂತು ಕೆಲಸಕ್ಕೆ ಹೋಗುವವರು. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳುತ್ತಾ ರಟ್ಟು ಹಾಸುತ್ತಿದ್ದಳು. ಅವರು ಹೇಳಿದ ಊರುಗಳ ಹೆಸರುಗಳು ಸ್ಪಂಜು ಕೊಯ್ಯುವಾಗ ಕಿವಿಯಲ್ಲಿ ಇರುತ್ತಿದ್ದವು. ತಾನು ಗಂಡನ ಹಳೆಯ ಸ್ಕೂಟರಿನ ಮೇಲೆ ಮಾರುಕಟ್ಟೆ ದಾಟಿ ಹೋದದ್ದಿಲ್ಲ. ಎರಡು ದಿನ ಕೈಗೆ ಚಾಕು ಸೂಜಿ ಇಲ್ಲದೆ, ಕುದಿಯುವ ಪಾತ್ರೆಯನ್ನು ನೆನೆಯದೆ, ಒಬ್ಬರ ಬೆನ್ನ ಹಿಂದೆ ಸುಮ್ಮನೆ ಕೂತಿರುವುದು ಹೇಗಿರಬಹುದು ಎಂದು ಯೋಚಿಸಿದರೆ ಕೊಯ್ಯುತ್ತಿದ್ದ ಸ್ಪಂಜನ್ನು ಪಕ್ಕಕ್ಕಿಟ್ಟು ಓಣಿಯ ಬಾಯಿಯ ಕಡೆ ನೋಡುತ್ತಿದ್ದಳು. ಭಯವೂ ಆ ಯೋಚನೆಯಿಂದಲೇ ಏಳುತ್ತಿತ್ತು. ಎಡಗಡೆಯಿಂದ ಒಂದು ಲಾರಿ ಬರುತ್ತದೆ, ಅವನಿಗೆ ಕಾಣುವುದಿಲ್ಲ. ಅಥವಾ ಒಂದು ದನ. ಅಥವಾ ಶಾಲೆ ಬಿಟ್ಟ ಮಕ್ಕಳು. ಆಮೇಲೆ ಕಲ್ಲುದಾರಿಯಲ್ಲಿ, ಯಾರೂ ಇಲ್ಲದ ಕಡೆ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾನು ಕೂತಿರುವುದು ಅವಳಿಗೆ ಕಾಣುತ್ತಿತ್ತು.

ನನಗೆ ಭಯ ಎಂದು ಹೇಳಿಬಿಡಬಹುದಿತ್ತು. ಆದರೆ ಹಾಗೆ ಹೇಳಿದರೆ ನಿಮ್ಮ ಕಣ್ಣನ್ನು ನಾನು ನಂಬುವುದಿಲ್ಲ ಎಂದಂತೆ. ಅವನಿಗೆ ಉಳಿದಿದ್ದ ಸ್ವಲ್ಪವನ್ನು ತಾನೇ ಕೈಯಾರೆ ಕಿತ್ತುಕೊಂಡಂತೆ. ಅದಕ್ಕಿಂತ ಸೀಟು ಸರಿಯಿಲ್ಲ ಎನ್ನುವುದು ಎಷ್ಟೋ ಮೃದು ಎಂದುಕೊಂಡಿದ್ದಳು. ಸೀಟಿನ ಮಾತಿನಿಂದ ಯಾರಿಗೂ ನೋವಾಗುವುದಿಲ್ಲ.

ನಾದಿನಿಗೆ ಇದು ಅರ್ಥವಾಗದೆ ಹೋಗಲಿಲ್ಲ. ಅವಳು ಮಹಡಿ ಮನೆಯಲ್ಲಿದ್ದಳು, ಶಾಲೆಯ ವ್ಯಾನು ಓಡಿಸುತ್ತಿದ್ದಳು. ಮಕ್ಕಳನ್ನು ಗದರಿಸಿ ಗದರಿಸಿ ಸ್ವರವೇ ಹಾಗಾಗಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅಂಗಡಿಗೆ ಬಂದು ರಟ್ಟಿನ ಸ್ಟೂಲಿನ ಮೇಲೆ ಕೂತು ಕಾಲು ಚಾಚುವುದು ರೂಢಿ.

"ಅತ್ತಿಗೆ, ನೀವು ಬೈಕ್ ಹುಡುಕ್ತಿದ್ದೀರೋ, ಅಳಿಯನ್ನ ಹುಡುಕ್ತಿದ್ದೀರೋ? ಒಬ್ಬ ಎತ್ತರ, ಒಬ್ಬ ಬಿಸಿ, ಒಬ್ಬನಿಗೆ ಕೈ ನಡುಗುತ್ತೆ."

"ದುಡ್ಡು ಕೊಟ್ಟು ತಗೊಳ್ಳೋದು, ನೋಡಬಾರದಾ?"

"ನೋಡಿ. ಆದ್ರೆ ಬೇಸಿಗೆ ನೋಡ್ತಾ ಕೂತಿರುತ್ತಾ?"

ಅವಳು ಯಂತ್ರದ ಪೆಡಲು ಒತ್ತಿದಳು. ನಾದಿನಿ ಹೊಲಿಗೆಯ ಸದ್ದು ನಿಲ್ಲುವವರೆಗೆ ಕಾದಳು. ವ್ಯಾನಿನಲ್ಲಿ ಮಕ್ಕಳು ಕಿರುಚಿ ಸುಸ್ತಾಗುವವರೆಗೆ ಕಾಯುವವಳಿಗೆ ಇದೇನು ಮಹಾ.

"ಬೇಡ ಅಂತ ಒಂದ್ಸಲ ಅಣ್ಣನಿಗೆ ಹೇಳಿಬಿಡಿ. ಬೇಜಾರು ಮಾಡ್ಕೋತಾನೆ, ಒಂದು ವಾರ ಮುಖ ಊದಿಸ್ಕೋತಾನೆ. ಆಮೇಲೆ ಊಟ ಮಾಡ್ತಾನೆ. ಇಲ್ಲ, ಹೋಗೋಣ ಅನ್ನಿ. ಎರಡರಲ್ಲಿ ಒಂದು."

"ಬೇಡ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅದೇ ಕಷ್ಟ."

"ನಿಂಗೇನು ಗೊತ್ತು," ಎಂದಳು ಅವಳು, ದಾರ ಕಚ್ಚಿ ಕತ್ತರಿಸುತ್ತ. "ಹಿಂದೆ ಕೂರೋಳು ನಾನು."

"ಹಾಗಿದ್ರೆ ಮುಂದೆ ಕೂರಿ. ದಿನಾ ಇಷ್ಟು ಬೈಕ್ ತಳ್ತೀರಲ್ಲ, ಓಡಿಸೋದು ಕಲ್ತುಬಿಡಿ."

"ತಳ್ಳೋದೂ ಓಡಿಸೋದೂ ಒಂದೇನಾ. ನಾಲ್ಕು ಹೆಜ್ಜೆ ಒಳಗೆ, ನಾಲ್ಕು ಹೆಜ್ಜೆ ಹೊರಗೆ. ಅಷ್ಟೇ ನಂಗೆ ಬರೋದು."

ನಾದಿನಿ ಎದ್ದು ವ್ಯಾನಿನ ಕೀಲಿ ಕುಲುಕುತ್ತ, "ನಿಮ್ಮಿಷ್ಟ. ನಾನು ಎರಡು ಡಜನ್ ಮಕ್ಕಳನ್ನ ಸಂಭಾಳಿಸ್ತೀನಿ, ನಿಮ್ಮಿಬ್ಬರನ್ನ ಆಗಲ್ಲ," ಎಂದು ಹೋದಳು. ನಾದಿನಿ ಹೋದ ಮೇಲೆ ಅವಳು ತಾನು ಹೊಲಿದದ್ದನ್ನು ನೋಡಿದಳು. ಹೊಲಿಗೆ ಗೆರೆ ಬಿಟ್ಟು ಹೋಗಿತ್ತು. ಕೂತು ಬಿಚ್ಚಿದಳು.

ಹೊಸ ಮಾದರಿ ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಅವನು ಪ್ರತಿ ವಾರ ಶೋರೂಮಿಗೆ ಫೋನು ಮಾಡುತ್ತಿದ್ದ. ಮಾತು ಮುಗಿಸಿ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಡುತ್ತಿದ್ದ. ಒಂದು ಸಂಜೆ ಊಟದ ಮೇಜಿನಲ್ಲಿ ನೀರಿನ ಲೋಟಕ್ಕೆ ಅವನ ಮೊಣಕೈ ತಾಗಿ ಲೋಟ ಉರುಳಿತು. ಲೋಟ ಎಡಗಡೆ ಇತ್ತು. ಅವಳು ಬಟ್ಟೆ ತಂದು ಒರೆಸಿದಳು. ನಾನೇ ಅಂಚಿಗೆ ಇಟ್ಟುಬಿಟ್ಟಿದ್ದೆ ಎಂದಳು. ಅವನು ಒದ್ದೆಯಾದ ಅಂಗಿಯ ತೋಳನ್ನು ನೋಡುತ್ತ, "ನಾಳೆ ಹೋಗಿ ಆ ಬೂದು ಬೈಕನ್ನೇ ತಗೊಂಡು ಬರೋಣ. ಇರೋ ಮಾದರಿನೇ. ಇನ್ನು ನೋಡೋದು ಬೇಡ," ಎಂದ.

ಅವಳು ಹೂಂ ಎಂದಳು.

ಬೈಕು ಬಂತು. ಮೊದಲು ನೋಡಿದ್ದು ಯಾರಿಗೋ ಮಾರಾಟವಾಗಿ ಹೋಗಿತ್ತು. ಅದೇ ಬಣ್ಣದ ಇನ್ನೊಂದು. ಶೋರೂಮಿನಿಂದ ಅಂಗಡಿಯವರೆಗೆ ಖಾಲಿ ಮಧ್ಯಾಹ್ನದ ರಸ್ತೆಯಲ್ಲಿ ಅವನೇ ಓಡಿಸಿಕೊಂಡು ಬಂದ. ಅವಳು ನಾದಿನಿಯ ವ್ಯಾನಿನಲ್ಲಿ ಹಿಂದೆ ಹಿಂದೆಯೇ ಬಂದಳು. ಅವನ ಬೆನ್ನು ನೆಟ್ಟಗಿತ್ತು. ತಿರುವುಗಳಲ್ಲಿ ತಲೆ ತಿರುಗಿಸಿ ಎರಡೂ ಕಡೆ ನೋಡುತ್ತಿದ್ದ, ಮೊದಲ ದಿನ ಶಾಲೆಗೆ ಹೊರಟ ಮಗುವಿನಷ್ಟು ಎಚ್ಚರದಿಂದ. ಚೆನ್ನಾಗಿಯೇ ಓಡಿಸುತ್ತಿದ್ದ. "ನೋಡಿ, ಅಣ್ಣ ಹೇಗೆ ಹೋಗ್ತಿದಾನೆ," ಎಂದಳು ನಾದಿನಿ. ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಮರುದಿನವೇ ಹೊರಟಿದ್ದರೆ ಹೋಗಿಬರಬಹುದಿತ್ತು.

"ಸೀಟು ಹೊಲ್ಕೊಂಡು ಹೊರಡೋಣ," ಎಂದಳು ಅವಳು.

ಅವನನ್ನು ರಟ್ಟಿನ ಮೇಲೆ ಕೂರಿಸಿದಳು. ಪ್ಯಾಂಟು ಕೊಡವಿಕೊಂಡು, "ಇಷ್ಟು ವರ್ಷಕ್ಕೆ ಇವತ್ತು ನಂಗೂ ಪಾಳಿ ಬಂತು," ಎಂದು ಅವನು ಕೂತ. ಎದ್ದ ಮೇಲೆ ತಗ್ಗುಗಳ ಮೇಲೆ ಬೆರಳಾಡಿಸಿದಳು. ಭಾರ ಬಲಗಡೆ ಹೆಚ್ಚಾಗಿ ಊರಿತ್ತು. ಕಾಣುವ ಕಡೆಗೆ ಅವನ ಮೈ ತಾನಾಗಿ ವಾಲುತ್ತಿದೆ ಎಂದು ಅವಳಿಗೆ ಅರ್ಥವಾಯಿತು. ಸೀಸದ ಕಡ್ಡಿಯಿಂದ ಸುತ್ತ ಗೆರೆ ಎಳೆದಳು. ಅವನು ಹೋದ ಮೇಲೆ ಶಟರನ್ನು ಅರ್ಧ ಇಳಿಸಿ, ಇನ್ನೊಂದು ರಟ್ಟು ಹಾಕಿಕೊಂಡು ತಾನೂ ಕೂತಳು. ಅವಳ ಅಳತೆ ಯಾರೂ ತೆಗೆದಿರಲಿಲ್ಲ. ತನ್ನ ತಗ್ಗುಗಳು ಎಷ್ಟು ಹತ್ತಿರ ಹತ್ತಿರ, ಎಷ್ಟು ಆಳ ಎಂದು ಆಶ್ಚರ್ಯವಾಯಿತು. ಹಗುರವಾಗಿ ಕೂರುತ್ತೇನೆ ಎಂದುಕೊಂಡಿದ್ದಳು.

ಮುಂದಿನ ಸೀಟು ಬೇಗ ಮುಗಿಯಿತು. ಹಿಂದಿನದನ್ನು ಅವಳು ಬಿಡಲಿಲ್ಲ. ಗಟ್ಟಿ ಸ್ಪಂಜಿನ ಮೇಲೆ ಮೆತ್ತನೆಯದನ್ನು ಅಂಟಿಸಿದಳು. ಅಂಟು ಒಣಗಿದ ಮೇಲೆ ಎತ್ತರ ಹೆಚ್ಚಾಯಿತೆಂದು ಕೊಯ್ದಳು. ಇಳಿಜಾರನ್ನು ತೆಗೆದಳು. ಕಪ್ಪು ರೆಕ್ಸಿನ್ ಬಿಸಿಲಿಗೆ ಕಾಯುತ್ತದೆಂದು ಬಿಚ್ಚಿ, ತಿಳಿ ಬೂದು ಬಣ್ಣದ್ದನ್ನು ಹಾಕಿದಳು. ಅಂಚಿನ ಹೊಲಿಗೆ ತೊಡೆಗೆ ಒತ್ತುತ್ತದೆಂದು ಮತ್ತೆ ಬಿಚ್ಚಿದಳು. ಗಿರಾಕಿಗಳ ಕೆಲಸ ಮೊದಲು ಮುಗಿಸಬೇಕಲ್ಲ ಎಂದು ನಡುವೆ ಅದನ್ನು ಅಟ್ಟಕ್ಕೆ ಏರಿಸಿದಳು. ಅವನು ಸಂಜೆ ಅಂಗಡಿಗೆ ಬಂದು ಸೀಟಿಲ್ಲದ ಬೈಕಿನ ಪಕ್ಕ ನಿಂತು ಹ್ಯಾಂಡಲ್ಲು ಹಿಡಿದು ನೋಡುತ್ತಿದ್ದ. ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. ಬರ್ತಾ ಇದೆ ಎನ್ನುತ್ತಿದ್ದಳು. "ಸಿಂಹಾಸನ ಮಾಡ್ತಿದ್ದಾಳೆ, ಕಾಯಬೇಕು," ಎಂದು ಅವನು ಓಣಿಯವರಿಗೆ ಹೇಳಿ ನಗಿಸಿದ.

ಒಂದು ದಿನ ದಕ್ಷಿಣದ ಕಡೆ ಮೋಡ ಕಟ್ಟಿತು. ಮಳೆಯೇನೂ ಬರಲಿಲ್ಲ. ಆದರೆ ಅವಳು ಅಟ್ಟದಿಂದ ಸೀಟು ಇಳಿಸಿ, ಒಂದೇ ಸಮನೆ ಕೂತು ಮುಗಿಸಿ, ಬೈಕಿಗೆ ಬಿಗಿದಳು.

ಮರುದಿನ ಬೆಳಗ್ಗೆ, ಅಂಗಡಿಗಳು ತೆರೆಯುವ ಮುಂಚೆ, ಇಬ್ಬರೂ ಊರ ಹೊರಗಿನ ರಸ್ತೆಗೆ ಹೊರಟರು. ಸೀಟು ಪರೀಕ್ಷೆಗೆ ಒಂದು ಸುತ್ತು. ಎಲ್ಲ ಸರಿಯಿದ್ದರೆ ನಾಡಿದ್ದು ಬಯಲಿಗೆ. ಅವಳು ಅವನ ಹಿಂದೆ ಹತ್ತಿ ಕೂತಳು. ಮೈ ಸೀಟಿನೊಳಗೆ ಇಳಿದು ನಿಂತುಕೊಂಡಿತು. ಎಂಜಿನ್ನಿನ ಬಡಿತ ಕೆಳಗಿನಿಂದ ಬಂದು ಬೆನ್ನುಮೂಳೆಯಲ್ಲಿ ಕರಗುತ್ತಿತ್ತು. ಗಾಳಿ ಅವನ ಹೆಲ್ಮೆಟ್ಟನ್ನು ಸವರಿ ಅವಳ ಕಡೆ ಬರುತ್ತಿತ್ತು. ಎಡಕ್ಕೆ ಹೊಲ, ಬಲಕ್ಕೆ ಕಾರ್ಖಾನೆಯ ಉದ್ದ ಗೋಡೆ. ಕೈಗಳಿಗೆ ಏನೂ ಕೆಲಸವಿರಲಿಲ್ಲ. ಅವುಗಳನ್ನು ಅವನ ಸೊಂಟದ ಮೇಲಿಟ್ಟಳು. ಹೀಗೆಯೇ ಹೋದರೆ ಎರಡು ದಿನವೇನು, ವಾರ ಬೇಕಾದರೂ ಕೂತಿರಬಹುದು ಅನ್ನಿಸಿತು. ಇಷ್ಟಕ್ಕೆ ಯಾಕೆ ಅಷ್ಟು ಹೆದರಿದೆ ಎಂದುಕೊಂಡಳು.

ಎಡಗಡೆಯ ಕಾಲುದಾರಿಯಿಂದ ಒಬ್ಬ ಹೆಂಗಸು ಸೈಕಲ್ಲಿನಲ್ಲಿ ಬರುತ್ತಿದ್ದಳು. ಹಿಂದೆ ಹಾಲಿನ ಕ್ಯಾನು ಕಟ್ಟಿತ್ತು. ಬೈಕಿನ ಹಿಂದೆ ಕೂತಿದ್ದ ಅವಳಿಗೆ ಆ ಸೈಕಲ್ಲು ಚೆನ್ನಾಗಿಯೇ ಕಂಡಿತು. ಅಷ್ಟು ದೂರದಿಂದ, ಅಷ್ಟು ನಿಧಾನವಾಗಿ ಬರುತ್ತಿದ್ದುದು ಅವನಿಗೂ ಕಂಡಿರುತ್ತದೆ ಎಂದುಕೊಂಡಳು. ವೇಗ ಇಳಿಯಲಿಲ್ಲ. ಅವಳ ಕೈಗಳು ಅವನ ಅಂಗಿಯನ್ನು ಹಿಡಿದು ಜಗ್ಗಿದವು. ಅವನು ಬ್ರೇಕು ಹಾಕಿದಾಗ ಸೈಕಲ್ಲು ಆಗಲೇ ಮುಂದಿನ ಚಕ್ರದ ಹತ್ತಿರವಿತ್ತು. ಹೆಂಗಸು ಹ್ಯಾಂಡಲ್ಲು ತಿರುಗಿಸಿ ರಸ್ತೆಯಂಚಿನ ಹುಲ್ಲಿಗೆ ಇಳಿದಳು. ಕ್ಯಾನು ಉರುಳಿತು. ಖಾಲಿ ಕ್ಯಾನು, ಸದ್ದು ಮಾತ್ರ ದೊಡ್ಡದಾಯಿತು.

"ಕಣ್ಣು ಮನೇಲಿಟ್ಟು ಬಂದಿದ್ದೀಯೇನಪ್ಪಾ," ಎಂದಳು ಹೆಂಗಸು. ಪೆಟ್ಟಾಗಿರಲಿಲ್ಲ. ಇನ್ನೂ ಏನೇನೋ ಬೈಯುತ್ತ ಕ್ಯಾನು ಕಟ್ಟಿಕೊಂಡು ಹೋದಳು.

ಅವನು ಬೈಕನ್ನು ಬದಿಗೆ ನಿಲ್ಲಿಸಿ ಎಂಜಿನ್ನು ಆರಿಸಿದ. ಹೆಲ್ಮೆಟ್ಟು ತೆಗೆದ. ಇಡೀ ತಲೆ ತಿರುಗಿಸಿ ಕಾಲುದಾರಿಯನ್ನು ನೋಡಿದ, ಆಮೇಲೆ ಮುಂದೆ ನೋಡಿದ, ಮತ್ತೆ ಕಾಲುದಾರಿಯನ್ನು ನೋಡಿದ. ಎರಡು ಗಾಜನ್ನು ಹೋಲಿಸುವವನ ಹಾಗೆ.

"ಕಾಣಲಿಲ್ಲ ಕಣೇ. ಇರಲೇ ಇಲ್ಲ ಅವಳು. ಆಮೇಲೆ ಇದ್ಲು."

"ಬಿಸಿಲು ಎದುರಿಗಿತ್ತು," ಎಂದಳು ಅವಳು.

"ಬಿಸಿಲು ಬೆನ್ನಿಗಿದೆ."

ಕೀಲಿ ತೆಗೆದು ಅವಳ ಕೈಗಿಟ್ಟ. "ಹೋದ ತಿಂಗಳವರೆಗೂ ಕಾಣ್ತಿತ್ತು," ಎಂದ. ದೂರುವ ಧ್ವನಿಯಲ್ಲ. ಅಂಗಡಿಯಲ್ಲಿ ಗಿರಾಕಿಗೆ ಕಣ್ಣಿನ ನಂಬರು ಬದಲಾಗಿದೆ ಎಂದು ಹೇಳುವ ಧ್ವನಿ.

ನಾದಿನಿಗೆ ಫೋನು ಮಾಡಬಹುದಿತ್ತು. ಇಬ್ಬರಿಗೂ ಅದು ತೋಚಲಿಲ್ಲ. ಅವಳು ಹ್ಯಾಂಡಲ್ಲು ಹಿಡಿದಳು, ಅವನು ಹಿಂದಿನ ಕಂಬಿ ಹಿಡಿದ. ತಳ್ಳುತ್ತ ಹೊರಟರು. ಭಾರದ ಬೈಕನ್ನು ಸಮತೋಲದಲ್ಲಿ ಹಿಡಿದು ತಳ್ಳುವುದು ಅವಳಿಗೆ ಉಸಿರಾಡಿದಷ್ಟು ಸುಲಭ. ಕಾರ್ಖಾನೆಯ ಗೋಡೆ ಮುಗಿಯುವವರೆಗೆ ಅವನು ಬೈಯಲಿ ಎಂದು ಕಾದಳು. ಮೊದಲನೇ ದಿನವೇ ತಗೊಂಡಿದ್ದರೆ ಎಂದಾದರೂ ಹೇಳಲಿ. ಅವನು ಹಿಂದಿನ ಚಕ್ರಕ್ಕೆ ಗಾಳಿ ಸ್ವಲ್ಪ ಕಡಿಮೆ ಇದೆ ಎಂದ.

ಅವಳು ಬೈಕು ನಿಲ್ಲಿಸಿ ಸ್ಟ್ಯಾಂಡು ಹಾಕಿದಳು. ತಿರುಗದೆಯೇ ಹೇಳಿದಳು: "ಬೈಕು ಬಿಡೋವಂಥ ತೊಂದರೆ ಸೀಟಲ್ಲಿ ಏನೂ ಇರಲಿಲ್ಲ ರೀ. ಕೆಂಪು ಬೈಕಲ್ಲೂ ಇರಲಿಲ್ಲ, ಬಿಸಿ ಅಷ್ಟೇನೂ ತಾಗ್ತಿರಲಿಲ್ಲ. ನಂಗೆ ಭಯ ಆಗಿತ್ತು."

"ಗೊತ್ತಿತ್ತು."

ಈಗ ತಿರುಗಿದಳು. "ಗೊತ್ತಿದ್ದೂ ಸುಮ್ನಿದ್ರಾ?"

ಅವನು ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡ. ಬೇರೆಯವರು ಹಾಗೆ ಒರೆಸಿದರೆ ಬೈಯುವವನು. "ಭಯ ಇದ್ರೂ ಬರ್ತೀನಿ ಅಂತಿದ್ದಾಳೆ, ತಯಾರಾಗೋಕೆ ಸ್ವಲ್ಪ ಹೊತ್ತು ಬೇಕು ಅಂದ್ಕೊಂಡೆ. ನೀನು ಬರಲ್ಲ ಅಂತ ಒಂದ್ಸಲ ಅಂದಿದ್ರೆ ಒಬ್ಬನೇ ಹೋಗಿಬರ್ತಿದ್ದೆ ಕಣೇ. ಮೊದಲನೇ ವಾರವೇ ಹೋಗ್ತಿದ್ದೆ. ನೀನು ಅನ್ನಲಿಲ್ಲ. ಅದಕ್ಕೇ ಕಾದೆ."

ಒಬ್ಬನೇ ಹೋಗುವುದು ಎಂಬುದೊಂದು ಇತ್ತು ಎಂದು ಅವಳು ಯೋಚಿಸಿಯೇ ಇರಲಿಲ್ಲ. ಅವನ ಆಸೆಯಲ್ಲಿ ತನಗೊಂದು ಸೀಟು ಇದ್ದೇ ಇದೆ ಎಂದುಕೊಂಡಿದ್ದಳು. ಇತ್ತು ಕೂಡ, ಅದಕ್ಕಾಗಿ ಅವನು ಬೇಸಿಗೆಯಿಡೀ ಜಾಗ ಕಾದಿಟ್ಟಿದ್ದ. ಬೇಡ ಎನ್ನದೆ ಇದ್ದುದು ತನ್ನ ಒಳ್ಳೆಯತನ ಎಂದು ನಂಬಿಕೊಂಡಿದ್ದಳು. ಆ ಒಂದು ಗಡಸು ಮಾತು ಆಡಿದ್ದರೆ ಅವನು ಈಗ ಆ ಬಿಳಿ ಗೆರೆಯ ಆಚೆ ಹೋಗಿ ಬಂದಿರುತ್ತಿದ್ದ, ಬಿಸಿಲಿಗೆ ಕಪ್ಪಾಗಿ, ಬೂಟಿನಲ್ಲಿ ಉಪ್ಪು ತುಂಬಿಕೊಂಡು, ಮುಖ ಊದಿಸಿಕೊಂಡ ಹೆಂಡತಿಗೆ ಬಯಲಿನ ಕಥೆ ಹೇಳುತ್ತ.

"ನಡಿ, ಬಿಸಿಲೇರುತ್ತೆ," ಎಂದ ಅವನು. ಸ್ಟ್ಯಾಂಡು ತೆಗೆದಳು.

ಆಸ್ಪತ್ರೆಯಲ್ಲಿ ಅವನನ್ನು ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅವಳು ಹಿಂದೆ ನಿಂತಿದ್ದಳು. ಎಡಗಡೆ ಚುಕ್ಕೆಗಳು ಹೊಳೆದು ಆರುತ್ತಿದ್ದವು. ಅವನ ಹೆಬ್ಬೆರಳು ಅಲ್ಲಾಡದೆ ಇತ್ತು. ಇನ್ನು ಗಾಡಿ ಓಡಿಸಬೇಡಿ ಎಂದರು ಡಾಕ್ಟರು. ಗಾಜು ಉಜ್ಜುವ ಕೆಲಸಕ್ಕೆ ತೊಂದರೆಯಿಲ್ಲ, ಅದೆಲ್ಲ ಎದುರಿನದೇ ತಾನೆ ಎಂದು ಸಮಾಧಾನವನ್ನೂ ಹೇಳಿದರು. ಮನೆಗೆ ಬಂದ ಮೇಲೆ ನಾದಿನಿ, "ವ್ಯಾನಲ್ಲಿ ಕರ್ಕೊಂಡು ಹೋಗ್ತೀನಿ ಕಣೋ ಅಣ್ಣ, ಕಲ್ಲುದಾರಿ ಶುರುವಾಗೋವರೆಗೆ. ರಜೆ ಹಾಕ್ತೀನಿ," ಎಂದಳು.

"ವ್ಯಾನಲ್ಲಿ ಹೋಗಿ ನೋಡೋಕೆ ಅಲ್ಲೇನಿದೆ. ಉಪ್ಪು. ಅಡುಗೆಮನೇಲೂ ಇದೆ," ಎಂದ ಅವನು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ವಾರ ಮಳೆ ಬಿತ್ತು.

ಬೈಕು ಅವಳ ಅಂಗಡಿಯಲ್ಲೇ ಉಳಿಯಿತು. ಒಳಗೆ ಜಾಗ ಸಾಲದ್ದರಿಂದ ಬೆಳಗ್ಗೆ ಅದನ್ನು ಹೊರಗೆ ತಳ್ಳಿ ನಿಲ್ಲಿಸುತ್ತಾಳೆ, ಸಂಜೆ ಒಳಗೆ ತಳ್ಳುತ್ತಾಳೆ. ಮಾರೋಣ ಎಂದು ಅವನು ಹೇಳಿಲ್ಲ, ಅವಳು ಕೇಳಿಲ್ಲ. ಅವನು ಸಂಜೆ ಬಂದರೆ ಟ್ಯಾಂಕಿನ ಮೇಲಿನ ಧೂಳನ್ನು ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸುತ್ತಾನೆ.

ಮೊನ್ನೆ ಒಬ್ಬಳು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಬಂದಳು. ಸುಮಾರು ಅವಳದೇ ವಯಸ್ಸು. ಗಂಡ ಓಣಿಯ ಬಾಯಲ್ಲಿ ಬೈಕು ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ಹೊರಗೆ ನಿಂತಿದ್ದ ಬೂದು ಬೈಕಿನ ಹಿಂದಿನ ಸೀಟನ್ನು ಆ ಹೆಂಗಸು ಒತ್ತಿ ನೋಡಿದಳು, ಕೇಳಿ ಅನುಮತಿ ಪಡೆದು ಒಮ್ಮೆ ಹತ್ತಿ ಕೂತೂ ನೋಡಿದಳು.

"ಅಬ್ಬ, ಎಷ್ಟು ಹಿತವಾಗಿದೆ. ನಂಗೂ ಇಂಥದ್ದೇ ಬೇಕು ಅಕ್ಕ. ನಾವು ದೂರ ಹೊರಟಿದ್ದೀವಿ. ಇದನ್ನ ಹೊಲಿಯೋಕೆ ಎಷ್ಟು ದಿನ ಹಿಡಿಯುತ್ತೆ?"

ರಟ್ಟನ್ನು ಸ್ಟೂಲಿನ ಮೇಲೆ ಹಾಸುತ್ತಿದ್ದ ಅವಳ ಕೈ ನಿಂತಿತು.

"ಒಂದು ದಿನ," ಎಂದಳು. "ಬೆಳಗ್ಗೆ ಕೊಟ್ರೆ ಸಂಜೆಗೆ ಕೊಡ್ತೀನಿ."